ಬರೀ ಆರಿಸಿ ಇಟ್ಟರೆ ಅದು ಕಲೆಯೇ?

ಎಲ್ಲೋ ಇದ್ದ ಒಂದು ವಸ್ತುವನ್ನು ಹಾಗೇ ತಂದು ಗ್ಯಾಲರಿಯಲ್ಲಿಟ್ಟು ‘ಇದು ಕಲೆ’ ಎಂದರೆ ಒಪ್ಪಬೇಕೇ? ಒಬ್ಬರು ಹೌದು ಎನ್ನುತ್ತಾರೆ. ಇನ್ನೊಬ್ಬರಿಗೆ ಇದು ಸುತರಾಂ ಒಪ್ಪಿಗೆಯಿಲ್ಲ.

ಪರ: ಆರಿಸುವುದೂ ಕೆಲಸವೇ

ಮೊದಲು ಆ ಬೇಸಿನ್ ವಿಷಯ ಮುಗಿಸಿಬಿಡೋಣ. ಈ ವಾದ ಎಲ್ಲಿ ಶುರುವಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

1917, ನ್ಯೂಯಾರ್ಕ್. ಕಲಾವಿದರ ಹೊಸ ಸಂಘವೊಂದು ದೊಡ್ಡ ಪ್ರದರ್ಶನ ಇಟ್ಟಿತ್ತು. ತೀರ್ಪುಗಾರರಿಲ್ಲ, ಬಹುಮಾನವಿಲ್ಲ. ಆರು ಡಾಲರ್ ಕಟ್ಟಿದರೆ ಯಾರು ಬೇಕಾದರೂ ಕೃತಿ ಇಡಬಹುದು. ಸಂಘದ ನಿರ್ದೇಶಕರಲ್ಲಿ ಒಬ್ಬನಾಗಿದ್ದ ಮಾರ್ಸೆಲ್ ಡುಶಾಂ ಗಂಡಸರ ಶೌಚಾಲಯದಲ್ಲಿ ಮೂತ್ರ ಮಾಡಲು ಇಡುವ ಪಿಂಗಾಣಿ ಬೇಸಿನ್ ಒಂದನ್ನು ತಂದ. ಅದನ್ನು ಬೆನ್ನ ಮೇಲೆ ಮಲಗಿಸಿ, ಅಂಚಿನಲ್ಲಿ ಕಪ್ಪು ಬಣ್ಣದಿಂದ ‘ಆರ್. ಮಟ್ 1917’ ಎಂದು ಸುಳ್ಳು ಹೆಸರು ಬರೆದು, ‘ಕಾರಂಜಿ’ ಎಂದು ಹೆಸರಿಟ್ಟು ಕಳಿಸಿದ. ಸಂಘದವರಿಗೆ ಪೀಕಲಾಟ. ಹಣ ಕಟ್ಟಿಯಾಗಿದೆ, ನಿಯಮದ ಪ್ರಕಾರ ಬೇಡ ಅನ್ನುವ ಹಾಗಿಲ್ಲ. ಆದರೂ ಅದನ್ನು ಜನರ ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡರು. ಡುಶಾಂ ರಾಜೀನಾಮೆ ಕೊಟ್ಟು ಹೊರಬಂದ.

ನನಗೆ ಬೇಸಿನ್ನಿಗಿಂತ ಆ ನಿರಾಕರಣೆಯೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ‘ಯಾವುದು ಕಲೆ ಅಂತ ನಾವು ತೀರ್ಮಾನ ಮಾಡೋದಿಲ್ಲ’ ಎಂದವರ ತಲೆಯಲ್ಲೂ ಒಂದು ತೀರ್ಮಾನ ಗಟ್ಟಿಯಾಗಿ ಕೂತಿತ್ತು. ಅದು ಅವರಿಗೇ ಗೊತ್ತಾಗಿದ್ದು ಈ ಬೇಸಿನ್ ಬಾಗಿಲಿಗೆ ಬಂದ ಮೇಲೆ. ಇಷ್ಟು ಕೆಲಸ ಮಾಡಿದ ವಸ್ತುವನ್ನು ಸುಮ್ನೆ ತಮಾಷೆ ಅಂದುಬಿಡೋದಾ?

‘ಅವನು ಮಾಡಿದ್ದೇನು, ಅಂಗಡಿಯಿಂದ ತಂದ ಅಷ್ಟೇ ತಾನೆ?’ ಎನ್ನುತ್ತಾರೆ. ಹಾಗಾದರೆ ಫೋಟೋಗ್ರಾಫರ್ ಮಾಡುವುದೇನು? ಮರ ಅವರು ಬೆಳೆಸಿದ್ದಲ್ಲ, ಬಿಸಿಲು ಅವರು ಕಾಯಿಸಿದ್ದಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಕ್ಲಿಕ್ಕಿಸಬೇಕು, ಚೌಕಟ್ಟಿನಿಂದ ಏನನ್ನು ಹೊರಗಿಡಬೇಕು ಎಂದು ಆರಿಸುವುದೇ ಅವರ ಕೆಲಸ. 19ನೇ ಶತಮಾನದಲ್ಲಿ ಫೋಟೋ ಬಂದಾಗ ಅದನ್ನೂ ಯಂತ್ರದ ಕೆಲಸ ಎಂದು ಮೂದಲಿಸಿದ್ದರು.

ನನ್ನ ಮೇಜಿನ ಮೇಲೆ ಒಂದು ಕಲ್ಲಿದೆ. ಹೊಳೆ ದಂಡೆಯಲ್ಲಿ ಸಿಕ್ಕಿದ್ದು. ಮುಷ್ಟಿಯಷ್ಟಿದೆ, ಬೂದು ಬಣ್ಣ. ಒಂದು ಬಿಳಿ ಗೆರೆ ಅದನ್ನು ಸುತ್ತಿಕೊಂಡು ಬಂದು, ಮುಕ್ಕಾಲು ದಾರಿಯಲ್ಲಿ ತಟ್ಟನೆ ನಿಂತುಬಿಟ್ಟಿದೆ. ಸಾವಿರ ಕಲ್ಲುಗಳ ನಡುವೆ ಅದು ಏನೂ ಆಗಿರಲಿಲ್ಲ. ತಂದು ಬಿಳಿ ಹಾಳೆಯ ಮೇಲೆ ಒಂದನ್ನೇ ಇಟ್ಟೆ. ಈಗ ಬಂದವರೆಲ್ಲ ಆ ಗೆರೆಯ ಮೇಲೆ ಬೆರಳಾಡಿಸುತ್ತಾರೆ, ಅದು ನಿಂತಲ್ಲಿ ‘ಅರೆ!’ ಅನ್ನುತ್ತಾರೆ. ಕಲ್ಲಿಗೆ ನಾನು ಉಗುರೂ ತಾಗಿಸಿಲ್ಲ. ಇದು ದೊಡ್ಡ ಕಲೆ ಎಂದೇನೂ ನಾನು ಹೇಳುತ್ತಿಲ್ಲ. ಆದರೆ ಕಲೆಯ ಕೆಲಸ ಶುರುವಾಗುವುದು ಇಲ್ಲಿಂದಲೇ.

ಇನ್ನು ವ್ಯಾಖ್ಯಾನದ ಮಾತು. 1926ರಲ್ಲಿ ಶಿಲ್ಪಿ ಬ್ರಾಂಕುಸಿಯ ‘ಆಕಾಶದಲ್ಲಿ ಹಕ್ಕಿ’ ಶಿಲ್ಪ ಅಮೆರಿಕಕ್ಕೆ ಬಂತು. ರೆಕ್ಕೆಯಿಲ್ಲ, ಕೊಕ್ಕಿಲ್ಲ, ಉದ್ದಕ್ಕೆ ಹೊಳೆಯುವ ಕಂಚು. ಕಸ್ಟಮ್ಸ್‌ನವರು ಅದನ್ನು ಅಡುಗೆ ಪಾತ್ರೆ, ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಸೇರಿಸಿ ಶೇ. 40 ಸುಂಕ ಹಾಕಿದರು. ಕಲಾಕೃತಿಯಾಗಿದ್ದರೆ ಸುಂಕವೇ ಇರಲಿಲ್ಲ. 1928ರಲ್ಲಿ ಕೋರ್ಟು ಅದನ್ನು ಕಲೆ ಎಂದಿತು. ಎರಡು ವರ್ಷ ಪಾತ್ರೆ, ಆಮೇಲೆ ಶಿಲ್ಪ. ಕಂಚು ಮಾತ್ರ ಅದೇ.

ವಿರೋಧ: ತಪ್ಪು ಬೇಸಿನ್ ಅಂತ ಇದೆಯಾ?

ಆ ಹಕ್ಕಿಯನ್ನು ದಯವಿಟ್ಟು ನನಗೆ ವಾಪಸ್ ಕೊಡಿ. ಅದು ನನ್ನ ಕಡೆಯ ಸಾಕ್ಷಿ. ಬ್ರಾಂಕುಸಿ ಅದನ್ನು ಎಲ್ಲಿಂದಲೋ ಆರಿಸಿ ತಂದವನಲ್ಲ. ಎರಕ ಹೊಯ್ದ ಕಂಚನ್ನು ಕೈಯಾರೆ ಅರ ಹಾಕಿ, ಉಜ್ಜಿ ಉಜ್ಜಿ ಕನ್ನಡಿ ಮಾಡಿದವನು. ಕೋರ್ಟು ಅವನನ್ನು ಗೆಲ್ಲಿಸಿದ್ದೂ ಅದು ವೃತ್ತಿಪರ ಶಿಲ್ಪಿಯ ಸ್ವಂತ ಸೃಷ್ಟಿ, ನೋಡಲು ಚೆಂದ ಇದೆ ಎಂಬ ಕಾರಣಕ್ಕೆ. ‘ಅವನು ಕಲೆ ಅಂದ, ಹಾಗಾಗಿ ಕಲೆ’ ಎಂದಲ್ಲ.

ಫೋಟೋಗ್ರಾಫರ್ ಕೂಡ ನನ್ನವರೇ. ಅವರ ಕೆಲಸದಲ್ಲಿ ತಪ್ಪು ಫೋಟೋ ಅಂತ ಒಂದಿರುತ್ತದೆ. ಬೆಳಕು ಕೈಕೊಟ್ಟಿತು, ಅರೆಗಳಿಗೆ ತಡವಾಯಿತು, ಹಾಳಾಯಿತು. ತಪ್ಪು ಬೇಸಿನ್ ಅಂತ ಇದೆಯಾ? ಡುಶಾಂ ಅದರ ಪಕ್ಕದ್ದನ್ನು ತಂದಿದ್ದರೂ ಅದೇ ಗಲಾಟೆ, ಅದೇ ರಾಜೀನಾಮೆ. ಇಂಥ ವಸ್ತುಗಳನ್ನು ಚೆಂದ ನೋಡಿ ಆರಿಸಿದ್ದಲ್ಲ, ಕಣ್ಣಿಗೆ ಏನೂ ಅನ್ನಿಸದಿರಲಿ ಎಂದೇ ಆರಿಸಿದ್ದು ಅಂತ ಅವನೇ 1961ರ ಒಂದು ಭಾಷಣದಲ್ಲಿ ಹೇಳಿದ್ದಾನೆ. ತಪ್ಪಲು ಸಾಧ್ಯವೇ ಇಲ್ಲದ ಕೆಲಸವನ್ನು ಚೆನ್ನಾಗಿ ಮಾಡಿದ ಎಂದು ಹೊಗಳುವುದು ಹೇಗೆ? ಅದೊಂದು ಒಳ್ಳೆಯ ವಾದ, ಚುರುಕು ವಾದ. ವಾದ ಅಷ್ಟೇ.

ಮೇಜಿನ ಮೇಲಿನ ಕಲ್ಲು ಚೆಂದವೇ ಇರಬಹುದು. ಆದರೆ ಆ ಗೆರೆ ಎಳೆದಿದ್ದು ಯಾರು? ‘ಅಲ್ಲಿ ನೋಡು, ಸೂರ್ಯ ಮುಳುಗ್ತಿದ್ದಾನೆ’ ಎಂದು ಬೆರಳು ತೋರಿಸಿದವರೆಲ್ಲ ಚಿತ್ರಕಾರರಾಗುವುದಿಲ್ಲ, ಅಲ್ವಾ?

ನಾನು ಒಂದು ವರ್ಷ ಚಿತ್ರ ಕಲಿಯಲು ಹೋಗಿ ಸೋತವನು. ಎಡಗೈಯನ್ನು ಎದುರಿಗಿಟ್ಟುಕೊಂಡು ಬಲಗೈಯಿಂದ ಬಿಡಿಸುವುದೇ ಅಭ್ಯಾಸ. ಹೆಬ್ಬೆರಳು ಅಂಗೈಗೆ ಸೇರುವಲ್ಲಿ ಮಾಂಸ ಸ್ವಲ್ಪ ಉಬ್ಬಿ, ಒಳಗೆ ಮಡಚಿಕೊಳ್ಳುತ್ತದಲ್ಲ, ಆ ಜಾಗ ಕೊನೆಗೂ ಬರಲಿಲ್ಲ. ಪ್ರತಿ ಸಲವೂ ಬೇರೆ ಯಾರದೋ ಹೆಬ್ಬೆರಳನ್ನು ತಂದು ಅಂಟಿಸಿದ ಹಾಗಿರುತ್ತಿತ್ತು. ಅಳಿಸಿ ಅಳಿಸಿ ಹಾಳೆ ತೂತು ಬಿದ್ದಿದ್ದೂ ಉಂಟು. ಆದರೆ ಇವತ್ತಿಗೂ ಯಾರ ಕೈ ಕಂಡರೂ ನನ್ನ ಕಣ್ಣು ನೇರ ಆ ಮಡಿಕೆಗೇ ಹೋಗುತ್ತದೆ. ಬೆರಳು ಸೋತ ಜಾಗದಲ್ಲಿ ಕಣ್ಣು ಏನನ್ನೋ ಕಲಿತುಬಿಟ್ಟಿತ್ತು. ಯಾರೋ ಆರಿಸಿಟ್ಟ ಬೇಸಿನ್ ಎದುರು ಎಷ್ಟು ಹೊತ್ತು ನಿಂತಿದ್ದರೆ ನನಗೆ ಇದು ಬರುತ್ತಿತ್ತು?

ಪಂಡಿತರ ಸಮಜಾಯಿಷಿಯೂ ಇದೆ. 1964ರಲ್ಲಿ ಕಲಾವಿದ ಆಂಡಿ ವಾರ್ಹಾಲ್ ಪಾತ್ರೆ ಉಜ್ಜುವ ಸೋಪ್ ಪ್ಯಾಡಿನ ಪೆಟ್ಟಿಗೆಗಳಂಥವೇ ಪೆಟ್ಟಿಗೆಗಳನ್ನು ಪ್ರದರ್ಶನಕ್ಕಿಟ್ಟ. ಅಂಗಡಿಯದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ, ಅದರ ಹಿಂದಿರುವ ಸಿದ್ಧಾಂತದಲ್ಲಿ, ಕಲೆಯ ಇತಿಹಾಸದಲ್ಲಿದೆ ಎಂದು ತತ್ವಶಾಸ್ತ್ರಜ್ಞ ಆರ್ಥರ್ ಡಾಂಟೊ ವಾದಿಸಿದ. ಇನ್ನೊಬ್ಬ ತತ್ವಶಾಸ್ತ್ರಜ್ಞ ಜಾರ್ಜ್ ಡಿಕಿ ಇನ್ನೂ ಮುಂದೆ ಹೋಗಿ, ಕಲಾಲೋಕದ ಪರವಾಗಿ ಯಾರಾದರೂ ಆ ಸ್ಥಾನ ಕೊಟ್ಟರಾಯಿತು ಎಂದ. ಕಲಾಲೋಕ ಅಂದರೆ ಯಾರು? ಕಲೆಯ ನಡುವೆ ಇರುವವರು. ಕಲೆ ಅಂದರೇನು? ಅವರು ಒಪ್ಪಿದ್ದು. ಗಾಣದೆತ್ತು ಸುತ್ತಿದ ಹಾಗಾಯಿತು.

2011ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ಮ್ಯೂಸಿಯಮ್ಮಿನಲ್ಲಿ ಮಾರ್ಟಿನ್ ಕಿಪ್ಪೆನ್‌ಬರ್ಗರ್‌ನ ಕೃತಿಯೊಂದಿತ್ತು. ಮರದ ಪಟ್ಟಿಗಳ ಗೋಪುರ, ಕೆಳಗೊಂದು ರಬ್ಬರ್ ತೊಟ್ಟಿ, ತೊಟ್ಟಿಯೊಳಗೆ ನೀರು ಒಣಗಿ ಉಳಿದ ಹಾಗೆ ಕಾಣುವ ಬಿಳಿಚು ಪದರ. ಒರೆಸುವ ಕೆಲಸದ ಹೆಂಗಸು ಅದನ್ನು ಚೆನ್ನಾಗಿ ಉಜ್ಜಿ ತೊಳೆದುಬಿಟ್ಟರು. ಕೃತಿಯ ಬೆಲೆ 8 ಲಕ್ಷ ಯೂರೊ. ಆ ಪದರ ಕಲಾವಿದ ಬಳಿದ ಬಣ್ಣ ಎಂಬುದು ನಿಜ, ಅದು ಹೋಯಿತಲ್ಲ ಎಂದು ನನಗೂ ಬೇಸರವಿದೆ. ಆದರೆ ಆಕೆಯನ್ನು ನೋಡಿ ನಗಲು ನನಗಾಗುವುದಿಲ್ಲ. ಫಲಕ ಓದದ ಕಣ್ಣಿಗೆ ಅಲ್ಲಿ ಕಂಡದ್ದು ಕಲೆಯೇ, ಉಜ್ಜಿದರೆ ಹೋಗುವ ಕಲೆ. ಈ ಒಂದು ವಿಷಯದಲ್ಲಿ ಕನ್ನಡ ನನ್ನ ಪರ ಇದೆ.

ಕೊನೆಗೆ ಮತ್ತೆ ಬೇಸಿನ್. ಮೂಲದ್ದು ಆಗಲೇ ಕಳೆದುಹೋಯಿತು. ಉಳಿದದ್ದು ಸ್ಟೀಗ್ಲಿಟ್ಸ್ ತೆಗೆದ ಫೋಟೋ. 1964ರಲ್ಲಿ ಡುಶಾಂ ಒಪ್ಪಿಗೆಯ ಮೇಲೆ ಎಂಟು ಪ್ರತಿ ಮಾಡಿಸಿದರು. ಆರಿಸುವುದೇ ಕಲೆಯಾಗಿದ್ದರೆ ಅಂಗಡಿಯಿಂದ ಎಂಟು ತಂದಿದ್ದರೆ ಸಾಕಿತ್ತಲ್ಲ? ಸಾಕಾಗಲಿಲ್ಲ. ಆ ಫೋಟೋ ನೋಡಿ ಮಣ್ಣಿನಲ್ಲಿ ರೂಪಿಸಿ, ಸುಟ್ಟು, ಹಳೆಯ ಪಿಂಗಾಣಿಯಂತೆ ಕಾಣಲೆಂದು ಬಣ್ಣ ಬಳಿದರು. ಇವತ್ತು ಮ್ಯೂಸಿಯಮ್‌ಗಳಲ್ಲಿ ಜನ ಸುತ್ತ ನಿಂತು ನೋಡುವುದು ಇವನ್ನೇ. ಮಣ್ಣು ಹಿಡಿದ ಕೈ ಬೇರೆಯವರದು, ಅಂಚಿನಲ್ಲಿರುವ ಹೆಸರು ಆರ್. ಮಟ್.