ಲೆಕ್ಕ ಬಿಟ್ಟವನೇ ಜಾಣ

ನವೆಂಬರ್ ಬಂತೆಂದರೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಕೆಳಗೆ ಅಂಗಳದಲ್ಲಿ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಅಡಿಕೆ ಸುಲಿಯುತ್ತಾರೆ. ಮೇಲೆ ಮೆತ್ತಿನಲ್ಲಿ ಮಗರಾಯ ಲೆಕ್ಕ ಬಿಡಿಸುತ್ತಾನೆ.

ಹುಡುಗ ಎಂಜಿನಿಯರು. ನಾಲ್ಕು ವರ್ಷ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್, ಫೋರಿಯರ್ ಸೀರೀಸ್ ಎಲ್ಲ ಅರೆದು ಕುಡಿದವನು. ಈಗ ಬಿಡಿಸುತ್ತಿರುವುದು ಲಾಭ-ನಷ್ಟ, ಸರಾಸರಿ, ಶೇಕಡಾವಾರು. ಇದನ್ನೇ ಏಳನೇ ಕ್ಲಾಸಿನಲ್ಲಿ ಊರಿನ ಮೇಷ್ಟ್ರು ಪುಕ್ಕಟೆ ಹೇಳಿಕೊಟ್ಟಿದ್ದರು. ಈಗ ಅದಕ್ಕೇ ದುಡ್ಡು ಕಟ್ಟಿ, ಬೆಳಗಿನ ಬಸ್ ಹತ್ತಿ, ಶಿವಮೊಗ್ಗದ ಕೋಚಿಂಗಿಗೆ ಹೋಗುತ್ತಾನೆ. ಏಳನೇ ಕ್ಲಾಸಿಗೆ ವಾಪಸ್ ಸೇರಲು ಡಿಗ್ರಿ ಇರಲೇಬೇಕು ಅನ್ನುವ ಏರ್ಪಾಟು ನಮ್ಮ ದೇಶಕ್ಕಲ್ಲದೆ ಇನ್ಯಾರಿಗೆ ಹೊಳೆದೀತು?

ಪರೀಕ್ಷೆಯ ಹೆಸರು ಕ್ಯಾಟ್, ಮ್ಯಾನೇಜ್‌ಮೆಂಟ್ ಓದಲು ಸೇರುವವರ ಪ್ರವೇಶ ಪರೀಕ್ಷೆ. ಆ ಓದಿನ ದೊಡ್ಡ ಸಂಸ್ಥೆಗಳಾದ ಐಐಎಂಗಳು ಸರದಿ ಮೇಲೆ ನಡೆಸುತ್ತವೆ. ಇಂಗ್ಲಿಷಿಗೆ 40 ನಿಮಿಷ, ತರ್ಕಕ್ಕೆ 40, ಲೆಕ್ಕಕ್ಕೆ 40. 2024ರಲ್ಲಿ ಲೆಕ್ಕದ ಭಾಗದಲ್ಲಿ 22 ಪ್ರಶ್ನೆ ಇದ್ದವು. ಒಂದಕ್ಕೆ ಎರಡು ನಿಮಿಷವೂ ಸಿಗುವುದಿಲ್ಲ. ನಮ್ಮಲ್ಲಿ ಎಲೆಗೆ ಸುಣ್ಣ ಹಚ್ಚಿ ಮಡಚುವುದಕ್ಕೇ ಅಷ್ಟು ಹೊತ್ತು ಬೇಕು. ಅಷ್ಟರೊಳಗೆ ಈ ಹುಡುಗ ದೊಡ್ಡ ಕಂಪನಿ ನಡೆಸಲು ಲಾಯಕ್ಕೋ ಅಲ್ಲವೋ ಅಂತ ತೀರ್ಮಾನ ಆಗಿರುತ್ತೆ.

ಇನ್ನು ಆ ಲೆಕ್ಕಗಳ ಲೋಕ ನೋಡಬೇಕು. ಅಲ್ಲಿನ ನಾಯಕ ಒಬ್ಬ ಹಾಲು ಮಾರುವವ. ಬಹಳ ಸಾಚಾ ಮನುಷ್ಯ, ಕೊಂಡ ಬೆಲೆಗೇ ಮಾರುತ್ತಾನೆ. ಆದರೆ ಶೇ. 25 ಲಾಭ ಬೇಕಂತೆ. ಹಾಗಾದರೆ ಎಷ್ಟು ನೀರು ಬೆರೆಸಬೇಕು? ನಾಲ್ಕು ಲೀಟರ್ ಹಾಲಿಗೆ ಒಂದು ಲೀಟರ್ ನೀರು. ಸರಿ ಉತ್ತರಕ್ಕೆ ಮೂರು ಮಾರ್ಕು. ಇದೇ ಸರಿ ಉತ್ತರವನ್ನು ಕ್ಯಾನಿಗೆ ತುಂಬಿಕೊಂಡು ಬೆಳಿಗ್ಗೆ ಊರಿನ ಡೇರಿಗೆ ಹೋಗಿ ನೋಡಿ. ಲ್ಯಾಕ್ಟೋಮೀಟರ್ ಇಳಿಬಿಡುವವರು ಮಾರ್ಕು ಕೊಡುವುದಿಲ್ಲ. ಕ್ಯಾನ್ ವಾಪಸ್ ಕೊಡುತ್ತಾರೆ.

ಪಕ್ಕದ ಪುಟದಲ್ಲಿ ದಿನಸಿ ಅಂಗಡಿಯವ. ಒಂದು ಕೆಜಿ ಅಂತ ಹೇಳಿ 900 ಗ್ರಾಂ ತೂಗುತ್ತಾನೆ. ಲಾಭ ಶೇಕಡಾ ಎಷ್ಟು? ಉತ್ತರ 11.11. ಅವಸರದಲ್ಲಿ 10 ಅಂದವನಿಗೆ ಮೈನಸ್ ಒಂದು. ಮೋಸ ಮಾಡಿದವನಿಗೆ ಏನೂ ಇಲ್ಲ. ಮೋಸದ ಲಾಭವನ್ನು ಸ್ವಲ್ಪ ಕಮ್ಮಿ ಹೇಳಿದ ಪಾಪದ ಹುಡುಗನಿಗೆ ದಂಡ! ತೂಕದಲ್ಲಿ ಹೀಗೆ ಟೋಪಿ ಹಾಕುವವರನ್ನು ಹಿಡಿಯಲು 2009ರಲ್ಲಿ ಮಾಡಿದ ಕಾನೂನೇ ಇದೆ. ಅದರಲ್ಲಿ ಎಷ್ಟು ದಂಡ ಅನ್ನುವ ಲೆಕ್ಕವನ್ನು ಮಾತ್ರ ಯಾವ ಕೋಚಿಂಗ್ ಪುಸ್ತಕವೂ ಕೇಳುವುದಿಲ್ಲ. ನಾಳಿನ ಮ್ಯಾನೇಜರಿಗೆ ಮುಂಚಿತವಾಗಿ ಯಾಕೆ ಗಾಬರಿ ಮಾಡುವುದು, ಅಲ್ವಾ?

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಈ ಲೆಕ್ಕಗಳನ್ನು ಕೇಳಿಸಿಕೊಂಡ ಯಜಮಾನರು ತಲೆ ಕೊಡವಿದರು.

‘ಇದೆಂತದು ಮಾರಾಯ, ಓದುವಾಗಲೇ ಕಲಬೆರಕೆ ಕಲಿಸ್ತಾರಾ?’

‘ಅಪ್ಪಯ್ಯ, ಇದು ಅಲಿಗೇಷನ್. ಎರಡು ರೇಟಿನ ಮಾಲು ಬೆರೆಸಿ ನಡುವಿನ ರೇಟು ತರೋದು.’

‘ಹಾಗಾದ್ರೆ ಈ ಸಲ ಒಳ್ಳೆ ರಾಶಿ ಅಡಿಕೆಗೆ ಕಮ್ಮಿ ರೇಟಿನ ಗೊರಬಲು ಅಡಿಕೆ ಬೆರೆಸಿ ಮಂಡಿಗೆ ಹಾಕುವ. ಕೇಳಿದ್ರೆ ಅಲಿಗೇಷನ್ ಅಂತ ನೀನೇ ಬಂದು ಹೇಳು.’

ಹುಡುಗ ಹೋಗಲಿಲ್ಲ. ಮಂಡಿಯಲ್ಲಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ ನೋಡುವವರಿಗೆ ಎರಡು ನಿಮಿಷವೂ ಬೇಡ ಅಂತ ಅವನಿಗೂ ಗೊತ್ತು.

ತೋಟದವರಿಗೆ ಗೊತ್ತಿರುವ ಮಿಶ್ರಣದ ಲೆಕ್ಕ ಒಂದೇ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಅಡಿಕೆಗೆ ಕೊಳೆ ರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ. ಇದರಲ್ಲಿ ಎ, ಬಿ, ಸಿ, ಡಿ ಆಯ್ಕೆ ಇಲ್ಲ. ಹದ ತಪ್ಪಿದರೆ, ಅಥವಾ ಹೊಡೆದ ತಕ್ಷಣ ಮಳೆ ಹಿಡಿದರೆ, ಆ ವರ್ಷದ ಫಸಲಿಗೆ ಕೊಳೆ. ನೆಗೆಟಿವ್ ಮಾರ್ಕಿಂಗ್ ಅಂದರೆ ಅದು. ಆದರೆ ಲೆಕ್ಕದ ಪುಸ್ತಕದಲ್ಲಿ ಮಳೆಯೇ ಬರುವುದಿಲ್ಲ. ಆಗುಂಬೆಯ ಹತ್ತಿರ ಕೂತು ಓದಿದರೂ ಅಷ್ಟೇ.

ರೈಲಿನ ಲೆಕ್ಕ ಇನ್ನೂ ಚಂದ. ಎರಡು ರೈಲುಗಳ ಒಟ್ಟು ಉದ್ದ 400 ಮೀಟರ್. ಒಂದು ಗಂಟೆಗೆ 54 ಕಿಮೀ, ಇನ್ನೊಂದು 36 ಕಿಮೀ ವೇಗದಲ್ಲಿ ಎದುರುಬದುರು ಬರುತ್ತಿವೆ. ಒಂದನ್ನೊಂದು ದಾಟಲು ಎಷ್ಟು ಹೊತ್ತು? ಹದಿನಾರು ಸೆಕೆಂಡ್. ನಮ್ಮ ಬೀರೂರು-ಶಿವಮೊಗ್ಗ-ತಾಳಗುಪ್ಪ ಹಳಿ ಒಂದೇ. ಅದರ ಮೇಲೆ ಈ ಲೆಕ್ಕ ಮಾಡಿದರೆ ಹದಿನಾರು ಸೆಕೆಂಡ್ ಯಾಕೆ, ಒಂದೇ ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತೆ. ಅದಕ್ಕೇ ಇಲ್ಲಿ ಒಂದು ರೈಲನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿ ‘ಕ್ರಾಸಿಂಗ್ ಇದೆ’ ಅನ್ನುತ್ತಾರೆ. ಜನ ಇಳಿದು ಕಾಲಾಡಿಸಿ, ರಾಜಕೀಯ ಮಾತಾಡಿ ಮತ್ತೆ ಹತ್ತುತ್ತಾರೆ. ಕ್ರಾಸಿಂಗಿಗೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಯಾವ ಸೂತ್ರಕ್ಕೂ ಸಿಗುವುದಿಲ್ಲ.

ಆಳುಗಳ ಲೆಕ್ಕಕ್ಕೆ ಬಂದರೆ, 12 ಆಳು 18 ದಿನ ಮಾಡುವ ಕೆಲಸವನ್ನು 27 ಆಳು 8 ದಿನದಲ್ಲಿ ಮುಗಿಸುತ್ತಾರಂತೆ. ಕೊಯ್ಲಿನ ಹೊತ್ತಿಗೆ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಒಬ್ಬ ಕೊನೆಗಾರನಿಗಾಗಿ ಮೂರು ಮನೆಯವರು ಕಾದು ಕೂತ ಊರಿನಲ್ಲಿ ಇಪ್ಪತ್ತೇಳು ಆಳು! ಇದನ್ನು ಓದಿ ನಮ್ಮೂರಿನ ಹಿರಿಯರಿಗೆ ಬಂದ ನಗು ಕ್ಯಾಟಿನ ಬೇರೆ ಯಾವ ಪ್ರಶ್ನೆಗೂ ಬಂದಿಲ್ಲ.

ಹಾಗಂತ ಹುಡುಗನಿಗೆ ಕಷ್ಟ ಇಲ್ಲ ಅಂತಲ್ಲ. ಮೂವತ್ತರವರೆಗಿನ ಸಂಖ್ಯೆಗಳ ವರ್ಗ ಬಾಯಿಪಾಠ ಆಗಬೇಕು. ಏಳನೇ ಒಂದು ಅಂದರೆ ಶೇ. 14.28 ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಪರೀಕ್ಷೆಯಲ್ಲಿ ಪರದೆ ಮೇಲೆ ಕ್ಯಾಲ್ಕುಲೇಟರನ್ನೂ ಕೊಟ್ಟಿರುತ್ತಾರೆ. ಆದರೆ ಅದನ್ನು ಮುಟ್ಟಿದವನು ಹಿಂದೆ ಬಿದ್ದ ಅಂತ ಕೋಚಿಂಗಿನ ನಂಬಿಕೆ. ಹೀಗೆ ಸಾಣೆ ಹಿಡಿದ ತಲೆಯನ್ನು ಹೊತ್ತು ಬೆಂಗಳೂರಿನ ಐಐಎಂ ಸೇರಿದರೆ, ಎರಡು ವರ್ಷದ ಫೀಸೇ 20 ಲಕ್ಷಕ್ಕೂ ಜಾಸ್ತಿ. ಅದು ಮುಗಿಸಿ ಕೆಲಸಕ್ಕೆ ಸೇರಿದ ದಿನವೇ ಲ್ಯಾಪ್‌ಟಾಪ್ ಕೊಡುತ್ತಾರೆ, ಒಳಗೆ ಎಕ್ಸೆಲ್ ಇರುತ್ತೆ. ಆಮೇಲೆ ಅವನು ಏಳನೇ ಒಂದು ಎಷ್ಟು ಅಂತ ಜನ್ಮದಲ್ಲಿ ಯೋಚಿಸಬೇಕಾಗಿಲ್ಲ.

ಇಷ್ಟಕ್ಕೂ ಬಂದ ಮಾರ್ಕು ಎಷ್ಟು ಅಂತ ಯಾರೂ ಕೇಳುವುದಿಲ್ಲ. ಕೇಳುವುದು ಪರ್ಸೆಂಟೈಲ್, ಅಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಜನರನ್ನು ಹಿಂದೆ ಹಾಕಿದ ಅನ್ನುವುದು. 2024ರಲ್ಲಿ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ. 99 ಪರ್ಸೆಂಟೈಲ್ ಬಂತು ಅಂತ ಮನೆಯವರು ಬೀದಿಗೆಲ್ಲ ಸಿಹಿ ಹಂಚುವ ಹೊತ್ತಿಗೆ, ಹುಡುಗನ ಮುಂದೆ ಇನ್ನೂ 2,900 ಚಿಲ್ಲರೆ ಜನ ನಿಂತಿರುತ್ತಾರೆ. ನೀವು ಎಷ್ಟು ಕಲಿತಿರಿ ಅನ್ನುವುದು ಇಲ್ಲಿ ಮುಖ್ಯವಲ್ಲ, ಪಕ್ಕದವನು ಎಷ್ಟು ಎಡವಿದ ಅನ್ನುವುದು ಮುಖ್ಯ. ಎಲ್ಲರೂ ಎರಡು ಪಟ್ಟು ಓದಿದರೆ ಎಲ್ಲರೂ ಇದ್ದಲ್ಲೇ ಇರುತ್ತಾರೆ. ಕೋಚಿಂಗಿನ ಫೀಸು ಮಾತ್ರ ಮೇಲೆ ಹೋಗುತ್ತೆ.

ಇದರಲ್ಲಿ ಗೆಲ್ಲುವ ಗುಟ್ಟನ್ನು ಕೋಚಿಂಗಿನ ಮೇಷ್ಟ್ರು ಮೊದಲ ವಾರದಲ್ಲೇ ಹೇಳಿಬಿಡುತ್ತಾರೆ. ‘ಕಷ್ಟದ ಪ್ರಶ್ನೆ ಬಂತಾ? ಬಿಡಿ. ಮುಂದೆ ಹೋಗಿ. ಅದಕ್ಕೆ ಅಂಟಿಕೊಂಡವನು ಕೆಟ್ಟ.’ ಎಷ್ಟೋ ವರ್ಷ ಲೆಕ್ಕದ ಭಾಗದಲ್ಲಿ ಅರ್ಧದಷ್ಟು ಸರಿ ಮಾಡಿದವರೂ 99ರ ಆಸುಪಾಸು ಬಂದಿದ್ದಾರೆ. ಹಾಗಾಗಿ ಮಾಕ್ ಟೆಸ್ಟ್ ಮೇಲೆ ಮಾಕ್ ಟೆಸ್ಟ್ ಬರೆಸಿ ಕಲಿಸುವುದು ಬಿಡಿಸುವುದನ್ನಲ್ಲ, ಬಿಡುವುದನ್ನು. ಯಾವುದನ್ನು ಬಿಡಬೇಕು, ಎಷ್ಟು ಬೇಗ ಬಿಡಬೇಕು, ಬಿಟ್ಟ ಮೇಲೆ ತಿರುಗಿ ನೋಡದೆ ಹೇಗೆ ಇರಬೇಕು. ಪರದೆಯ ಕೆಳಗೆ ಅದಕ್ಕಂತಲೇ ಒಂದು ಬಟನ್ ಇದೆ: ಮಾರ್ಕ್ ಫಾರ್ ರಿವ್ಯೂ. ಒತ್ತಿದರೆ ‘ಆಮೇಲೆ ನೋಡುತ್ತೇನೆ’ ಅಂತ ಗುರುತಾಗುತ್ತೆ. ಹೆಚ್ಚಿನವರು ಆಮೇಲೆ ನೋಡುವುದಿಲ್ಲ. ಆಯ್ಕೆ ಕೊಟ್ಟ ಪ್ರಶ್ನೆಗಳಲ್ಲಿ ತಪ್ಪು ಉತ್ತರಕ್ಕೆ ಮೈನಸ್ ಒಂದು, ಬಿಟ್ಟದ್ದಕ್ಕೆ ಸೊನ್ನೆ. ಹಾಗಾಗಿ ಬಿಟ್ಟವನೇ ಕ್ಷೇಮ.

ಇಲ್ಲಿಗೆ ಬಂದ ಮೇಲೆ ನನಗೆ ಈ ಪರೀಕ್ಷೆಯ ಮೇಲೆ ಗೌರವ ಬಂತು. ದೇಶ ಆಳುವುದಕ್ಕೆ ಇದಕ್ಕಿಂತ ಒಳ್ಳೆ ತರಬೇತಿ ಇರಲಾರದು. ‘ಪರಿಶೀಲನೆಯಲ್ಲಿದೆ’ ಅಂತ ಅರ್ಜಿ ಮೇಲೆ ಬರೆದು ಕಪಾಟಿಗೆ ಸೇರಿಸುವವರು ಕ್ಯಾಟ್ ಬರೆಯದೆಯೇ ಈ ಬಟನ್ ಒತ್ತಲು ಕಲಿತಿದ್ದಾರೆ.

ದೋಣಿ ಮತ್ತು ಪ್ರವಾಹದ ಲೆಕ್ಕವನ್ನೇ ನೋಡಿ. ಪುಸ್ತಕದಲ್ಲಿ ದೋಣಿ ಹರಿವಿನ ಜೊತೆ ಇಷ್ಟು ವೇಗ, ಎದುರು ಇಷ್ಟು ವೇಗ. ಸಾಗರ ತಾಲೂಕಿನ ಹೊಳೆಬಾಗಿಲಿನಲ್ಲಿ ಜನ, ವಾಹನ ದಾಟಿಸುವ ಲಾಂಚ್ ಓಡಾಡಿದ್ದು ಶರಾವತಿಯ ಹಿನ್ನೀರಿನ ಮೇಲೆ. ಅಲ್ಲಿ ಹರಿವೂ ಇಲ್ಲ, ಎದುರೂ ಇಲ್ಲ. ಲಾಂಚಿನ ವೇಗ ಎಷ್ಟಾದರೂ ಇರಲಿ, ನೀವು ದಾಟುವ ಹೊತ್ತು ನಿಮ್ಮ ಮುಂದಿರುವ ಜೀಪುಗಳ ಸಾಲಿನ ಮೇಲೆ ನಿಂತಿತ್ತು. ಸಿಗಂದೂರಿನ ದೇವಸ್ಥಾನಕ್ಕೆ ಹೋಗುವ ಜನ ಜಾಸ್ತಿ ಇದ್ದ ದಿನ ಕೇಳುವುದೇ ಬೇಡ. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ. ನಡುವೆ 61 ವರ್ಷ ಆ ಪ್ರಶ್ನೆ ರಿವ್ಯೂನಲ್ಲಿತ್ತು. ಎಷ್ಟು ಸರ್ಕಾರ ಬಂದು ಹೋದವು, ಒಂದಕ್ಕೂ ಮಾರ್ಕು ಕಡಿಮೆ ಆಗಲಿಲ್ಲ.

ಅದೇ ಅಣೆಕಟ್ಟಿನಿಂದ ಮನೆ, ಗದ್ದೆ ಮುಳುಗಿ ಎದ್ದು ಬಂದವರ ಹಕ್ಕುಪತ್ರದ ಪ್ರಶ್ನೆ ಇನ್ನೂ ಬಾಕಿ ಇದೆ. ಕೊಟ್ಟ ಜಾಗ ಕಂದಾಯದ್ದೋ ಕಾಡಿನದ್ದೋ ಅನ್ನುವುದೇ ತಕರಾರು. ಮುಳುಗಿದವರ ಮೊಮ್ಮಕ್ಕಳು ಈಗ ಕೋಚಿಂಗ್ ಸೇರುವ ವಯಸ್ಸಿಗೆ ಬಂದಿದ್ದಾರೆ. ಪ್ರತಿ ಚುನಾವಣೆಗೂ ಎಲ್ಲ ಪಕ್ಷದವರೂ ಬರುತ್ತಾರೆ, ಆ ಪ್ರಶ್ನೆಯನ್ನು ಒಮ್ಮೆ ತೆರೆದು ಓದುತ್ತಾರೆ, ‘ಛೆ’ ಅನ್ನುತ್ತಾರೆ, ಮತ್ತೆ ಅದೇ ಬಟನ್ ಒತ್ತಿ ಮುಂದಿನ ಊರಿಗೆ ಹೋಗುತ್ತಾರೆ.