ಕುಲಾವಿಗೆ ಗೊಂಡೆ

ಗ್ರೀಸಿನ ದ್ವೀಪಗಳಿಗೆ ಹೋಗಬೇಕಾದರೆ ಮೊದಲು ಭವಿಷ್ಯ ಹೇಳೋದು ಕಲಿಯಬೇಕು. ಜುಲೈ 14ರ ಬೆಳಿಗ್ಗೆ ಎಲ್ಲಿರುತ್ತೀರಿ ಅಂತ ಫೆಬ್ರವರಿಯಲ್ಲೇ ಬರೆದುಕೊಡಿ, ಜೊತೆಗೆ ಯುರೋಪಿನ ಷೆಂಗೆನ್ ವೀಸಾಕ್ಕೆ 90 ಯೂರೋ ಕಟ್ಟಿ. ನಾನೂ ಬರೆದೆ, ದಿನಕ್ಕೊಂದು ಸಾಲು. ಕೌಂಟರಿನ ಹುಡುಗಿಯ ಪೆನ್ನು ಆರನೇ ದಿನದ ಮೇಲೆ ನಿಂತಿತು.

"ಪಾರೋಸ್‌ನಿಂದ ಸ್ಯಾಂಟೊರಿನಿಗೆ ಹೇಗೆ ಹೋಗ್ತೀರ ಸರ್?"

"ಫೆರಿಯಲ್ಲಿ ಮೇಡಂ."

"ಎಷ್ಟು ಗಂಟೆಗೆ?"

"ಅದರ ವೇಳಾಪಟ್ಟಿಯೇ ಇನ್ನೂ ಬಂದಿಲ್ಲ."

"ಪರವಾಗಿಲ್ಲ, ಟೈಮ್ ಹಾಕಿಬಿಡಿ."

ಹಾಕಿದೆ. ಬೆಳಿಗ್ಗೆ 10:40. ಸುಮ್ನೆ 10 ಅಂದರೆ ಯಾರೂ ನಂಬಲ್ಲ, 40 ಸೇರಿಸಿದರೆ ತೂಕ ಬರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ನಾನು ಗೊಂಡೆಯನ್ನೂ ಕಟ್ಟಿಸಿದೆ.

ಆದರೆ ನನ್ನ ಫೈಲನ್ನು ಏಜಿಯನ್ ಸಮುದ್ರಕ್ಕೆ ಯಾರೂ ತೋರಿಸಿಲ್ಲ. ಜುಲೈ, ಆಗಸ್ಟ್ ಬಂದರೆ ಅಲ್ಲಿ ಮೆಲ್ಟೆಮಿ ಗಾಳಿ. ಉತ್ತರದಿಂದ ಶುರುವಾದರೆ ದಿನಗಟ್ಟಲೆ ಬೀಸುತ್ತದೆ. ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಲೆಕ್ಕದಲ್ಲಿ 8 ಮುಟ್ಟಿತೋ, ದೊಡ್ಡ ಫೆರಿಗೂ ಬಂದರಿನವರು ತಡೆ ಹಾಕುತ್ತಾರೆ. ಜಾಸ್ತಿ ದುಡ್ಡು ಕೊಟ್ಟು ಹತ್ತುವ ಸ್ಪೀಡ್ ಫೆರಿ ಅದಕ್ಕೂ ಮೊದಲೇ ನಿಲ್ಲುತ್ತದೆ. ಈ ತಡೆಗೆ ಅಲ್ಲಿ ಅಪಗೊರೆಫ್ತಿಕೊ ಅಂತಾರೆ. ಆ ಪದ ನಾಲಿಗೆಗೆ ಹತ್ತುವಷ್ಟರಲ್ಲಿ ಅಥೆನ್ಸ್‌ನಿಂದ ನಿಮ್ಮ ವಿಮಾನ ಹಾರಿರುತ್ತದೆ. ಫೆರಿ ದುಡ್ಡು ವಾಪಸ್ ಸಿಕ್ಕೀತು, ತಪ್ಪಿಹೋದ ವಿಮಾನದ್ದು ಸಿಗಲ್ಲ. ನಾವೇನು ಕಾಯದ ಜನವಾ? ಸಿಗಂದೂರಿನ ಲಾಂಚ್‌ಗೆ ಕಾದವರು. ಹಿನ್ನೀರು ಇಳಿದರೆ ಅದೂ ನಿಲ್ಲುತ್ತಿತ್ತು. ಆದರೆ ಎಷ್ಟು ಗಂಟೆಗೆ ದಾಟ್ತೀಯ ಅಂತ ಐದು ತಿಂಗಳ ಮುಂಚೆ ಚೌಡೇಶ್ವರಿಯೂ ಕೇಳಿರಲಿಲ್ಲ.

ಇಷ್ಟೆಲ್ಲ ಒದ್ದಾಟ ಸ್ಯಾಂಟೊರಿನಿಯ ಸೂರ್ಯಾಸ್ತಕ್ಕೆ. 2024ರ ಜುಲೈನಲ್ಲಿ ಒಂದೇ ದಿನ ಕ್ರೂಸ್ ಹಡಗುಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಜನ ಇಳಿಯುವವರಿದ್ದಾಗ, ಅಲ್ಲಿನ ಮುಖಂಡರೊಬ್ಬರು ಫೇಸ್‌ಬುಕ್ಕಲ್ಲಿ ಊರವರಿಗೇ ಕೈಮುಗಿದಿದ್ದರು ಅಲ್ವಾ, ಇವತ್ತು ಆದಷ್ಟು ಓಡಾಡಬೇಡಿ ಅಂತ. ಅತಿಥಿ ಸತ್ಕಾರ ಅಂದರೆ ಇದಪ್ಪ! ನೆಂಟರು ಬಂದರೆ ನಾವು ಹಜಾರ ಬಿಟ್ಟು ಕೋಣೆ ಸೇರುತ್ತೇವೆ, ಅವರು ಊರನ್ನೇ ಬಿಟ್ಟುಕೊಟ್ಟರು. ಬೈಗುಳ ಬಿದ್ದ ಮೇಲೆ ಪೋಸ್ಟ್ ಅಳಿಸಿದರು. ಹಡಗು ಅಳಿಸಲಿಲ್ಲ. 2025ರಲ್ಲಿ ಬೇಸಿಗೆಗೆ ತಲೆಗೆ 20 ಯೂರೋ ಅಂತ ಅವುಗಳ ಮೇಲೆ ಶುಲ್ಕ ಹಾಕಿದರು.

ಅಲ್ಲೇ ಹುಟ್ಟಿ ಬೆಳೆದ ಮುದುಕಿಗೆ ಹಾಲು ತರೋಕೂ ಹೊರಗೆ ಬರಬೇಡ ಅನ್ನೋದು ನಾಚಿಕೆಗೇಡು. ಅದೂ ನನ್ನಂಥವನ ಒಂದು ಫೋಟೋಗಾಗಿ. ಇದರಲ್ಲಿ ತಮಾಷೆ ಹುಡುಕೋಕೆ ನನಗೂ ಸಾಕಾಗಿದೆ.

ಅಂದಹಾಗೆ, ವೀಸಾ ಬಂತು. ಆಮೇಲೆ ಫೆರಿ ವೇಳಾಪಟ್ಟಿಯೂ ಬಂತು. 10:40ಕ್ಕೆ ಯಾವ ಫೆರಿಯೂ ಇಲ್ಲ.