ಹುಲ್ಲಿನ ದಿಬ್ಬವೂ ಸೋಮನಾಥಪುರದ ತೆನೆಯೂ

ಕೆನಡಾದ ಸೇಂಟ್ ಜಾನ್ಸ್‌ನಿಂದ ರಸ್ತೆಯಲ್ಲಿ ಸುಮಾರು ಸಾವಿರ ಕಿಲೋಮೀಟರ್ ದೂರ, ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರದ ತುದಿಯಲ್ಲಿದೆ ಲಾನ್ಸ್ ಒ ಮೆಡೋಸ್. ಕೆನಡಾಕ್ಕೆ ಬಂದ ಎರಡನೇ ಬೇಸಿಗೆಯಲ್ಲಿ ನೋಡಲು ಹೋಗಿದ್ದೆ. ಹುಲ್ಲು ಮುಚ್ಚಿದ ತಗ್ಗು ದಿಬ್ಬಗಳು, ಪಕ್ಕದಲ್ಲೊಂದು ತೊರೆ, ಎದುರಿಗೆ ಸಮುದ್ರ. ಕೊಲಂಬಸ್‌ಗಿಂತ ಸುಮಾರು 500 ವರ್ಷ ಮುಂಚೆ ಗ್ರೀನ್‌ಲ್ಯಾಂಡಿನಿಂದ ಬಂದ ನಾರ್ಸ್ ಜನ, ಅಂದರೆ ವೈಕಿಂಗರು, ಇಲ್ಲಿ ಮನೆ ಕಟ್ಟಿದ್ದರು. ಅಲ್ಲಿ ನಿಂತಾಗ ಮೈ ಜುಮ್ಮೆಂದಿತು.

ಅದೇ ವಾರ ಮೈಸೂರಿನಿಂದ ದೊಡ್ಡಪ್ಪ ಒಂದು ಫೋಟೋ ಕಳಿಸಿದ್ದರು. ಸೋಮನಾಥಪುರದ ಕೇಶವ ದೇವಸ್ಥಾನದ ವಿಗ್ರಹ. ಅದರ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದೇನೋ ಇತ್ತು. ಆ ಬೆಳೆಯ ಮೂಲ ಅಮೆರಿಕ. "ನೋಡು ಮಗಾ, ಹೊಯ್ಸಳರ ಕಾಲಕ್ಕೇ ನಮ್ಮೋರು ಅಮೆರಿಕಕ್ಕೆ ಹೋಗಿ ಬಂದಿದ್ರು" ಎಂದು ಬರೆದಿದ್ದರು.

ಎರಡೂ ಒಂದೇ ಬಗೆಯ ಮಾತು, ಅಲ್ವಾ? ಆದರೆ ನಾರ್ಸ್ ಜನರ ಕಥೆಯನ್ನು ನಂಬುವ ಮುಂಚೆ ಇಲ್ಲಿ ಏನು ಮಾಡಿದರು ನೋಡಿ.

ಲೈಫ್ ಎರಿಕ್ಸನ್ ಎಂಬ ನಾರ್ಸ್ ನಾವಿಕ ವಿನ್‌ಲ್ಯಾಂಡ್ ಎಂಬ ಪಶ್ಚಿಮದ ಕಡಲಾಚೆಯ ನಾಡಿಗೆ ಹೋದ ಕಥೆ ಐಸ್‌ಲ್ಯಾಂಡಿನ ಸಾಗಾ ಎಂಬ ಹಳೆಯ ಕಥನಗಳಲ್ಲಿತ್ತು. ಬರೀ ಕಥೆ ಸಾಲದು ಎಂದು ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಕರಾವಳಿಯ ಊರುಗಳಲ್ಲಿ ವಿಚಾರಿಸುತ್ತಾ ಬಂದರು. 1960ರಲ್ಲಿ ಜಾರ್ಜ್ ಡೆಕರ್ ಎಂಬ ಮೀನುಗಾರ ಈ ದಿಬ್ಬಗಳನ್ನು ತೋರಿಸಿದರು. ಮರುವರ್ಷದಿಂದ 1968ರವರೆಗೆ ಹೆಲ್ಗೆ ಅವರ ಹೆಂಡತಿ, ಪುರಾತತ್ವ ತಜ್ಞೆ ಆ್ಯನ್ ಸ್ಟೈನ್, ಅಗೆಸಿದರು. ಎಂಟು ಕಟ್ಟಡಗಳ ಅಡಿಪಾಯ ಸಿಕ್ಕಿತು. ಒಂದು ಕಂಚಿನ ಪಿನ್ನು, ಕಬ್ಬಿಣ ಕಾಯಿಸಿದ ಕಿಟ್ಟ, ನೂಲುವ ಕದಿರಿನ ಕಲ್ಲುಬಿಲ್ಲೆ. ಬಟರ್‌ನಟ್ ಎಂಬ ಕಾಯಿಯೂ ಆಮೇಲಿನ ಅಗೆತದಲ್ಲಿ ಸಿಕ್ಕಿತು. ಆ ಮರ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಳೆಯುವುದೇ ಇಲ್ಲ. ಅಂದರೆ ಅವರು ಇನ್ನೂ ದಕ್ಷಿಣಕ್ಕೆ ಹೋಗಿ ಬಂದಿದ್ದರು! ಇಷ್ಟಕ್ಕೇ ನಿಲ್ಲಿಸಲಿಲ್ಲ. 993ರಲ್ಲಿ ಸೂರ್ಯನಿಂದ ಬಂದ ಕಿರಣಗಳ ಗುರುತು ಅಲ್ಲಿ ಸಿಕ್ಕ ಮರದ ತುಂಡುಗಳಲ್ಲಿ, ವರ್ಷಕ್ಕೊಂದರಂತೆ ಮೂಡುವ ಬಳೆಯೊಂದರಲ್ಲಿ, ಉಳಿದಿತ್ತು. ಅಲ್ಲಿಂದ ತೊಗಟೆಯವರೆಗೆ ಬಳೆ ಎಣಿಸಿ, ಮರ ಕಡಿದದ್ದು 1021ರಲ್ಲಿ ಎಂದು 2021ರಲ್ಲಿ ವಿಜ್ಞಾನಿಗಳು ಹೇಳಿದರು.

ನಮ್ಮ ತೆನೆಯ ವಿಚಾರವೂ ಸುಮ್ನೆ ಹುಟ್ಟಿದ್ದಲ್ಲ. 1989ರಲ್ಲಿ ಕಾರ್ಲ್ ಜೊಹಾನೆಸನ್ ಎಂಬ ಅಮೆರಿಕದ ಭೂಗೋಳ ತಜ್ಞ ಮತ್ತು ಆ್ಯನ್ ಪಾರ್ಕರ್ ಅದು ಮೆಕ್ಕೆಜೋಳವೇ ಎಂದು ಒಂದು ಸಸ್ಯವಿಜ್ಞಾನ ಪತ್ರಿಕೆಯಲ್ಲಿ ಬರೆದರು. 1993ರಲ್ಲಿ ಪಾಯಕ್ ಮತ್ತು ಸಚನ್ ಎಂಬ ಭಾರತದ ವಿಜ್ಞಾನಿಗಳು ಅಲ್ಲ ಎಂದು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಅದು ಮುತ್ತು ಪೋಣಿಸಿದ ಮುಕ್ತಾಫಲ ಎಂಬ ಕಾಲ್ಪನಿಕ ಹಣ್ಣು ಎಂಬ ವಾದವೂ ಇದೆ. ನನಗೆ ಈ ಉತ್ತರಗಳೇ ಸರಿ ಅನಿಸುತ್ತದೆ. ಬೇಸರವೇನೆಂದರೆ, ಫೋಟೋ ಮಾತ್ರ ಮನೆಮನೆಗೆ ಹೋಗುತ್ತದೆ, ಉತ್ತರ ಹೋಗುವುದಿಲ್ಲ. ಹೊಲದ ಹಳೆಯ ಮಣ್ಣಿನಲ್ಲಿ ಆ ಕಾಲದ ಕಾಳು ಸಿಕ್ಕಿದೆಯಾ ಎಂದು ನಾವು ಕೇಳುವುದೂ ಇಲ್ಲ.

ಇನ್ನೊಂದು ಮಾತು. ನಾರ್ಸ್ ಜನರಿಗಿಂತ ಎಷ್ಟೋ ಮುಂಚೆಯೇ ಆ ದಡದಲ್ಲಿ ಮೂಲನಿವಾಸಿಗಳು ಬದುಕಿದ್ದರು. ಅವರ ಕುರುಹುಗಳೂ ಅಲ್ಲಿ ಸಿಕ್ಕಿವೆ. ಹಾಗಾಗಿ ಅಮೆರಿಕವನ್ನು ಮೊದಲು "ಕಂಡುಹಿಡಿದವರು" ಯಾರು ಎಂಬ ಪೈಪೋಟಿಯೇ ನನಗೆ ಒಪ್ಪುವುದಿಲ್ಲ.

ದೊಡ್ಡಪ್ಪನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮ ಎಷ್ಟೋ ವಿಗ್ರಹಗಳ ಕೆಳಗೆ ತನ್ನ ಹೆಸರು ಕೆತ್ತಿದ್ದಾನೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ಎಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಡಿಸೆಂಬರಿಗೆ ಬರ್ತೀಯಲ್ಲ, ಹೋಗೋಣ. ಆ ಹೆಸರು ಎಲ್ಲಿದೆ ತೋರಿಸು" ಅಂದರು.